ಹುಬ್ಬಳ್ಳಿ ಶಾಲೆಗೆ ದೇವರ ಅಪ್ಪಣೆ

ಒದ್ದೆ ಸೇವಂತಿಗೆಯ ವಾಸನೆ ಬಂದರೆ ಈಗಲೂ ನನಗೆ ಎಪ್ಪತ್ತರ ದಶಕದ ಒಂದು ಮಧ್ಯಾಹ್ನ, ರಾಮದುರ್ಗದ ನಮ್ಮ ಓಣಿಯ ಗುಡಿ ನೆನಪಾಗುತ್ತದೆ. ನನ್ನನ್ನು ಸೋದರಮಾವನ ಮನೆಯಲ್ಲಿಟ್ಟು ಹುಬ್ಬಳ್ಳಿಯ ಖಾಸಗಿ ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದು ಅವ್ವ ಹಟ ಹಿಡಿದಿದ್ದಳು.

"ಹೆಣ್ಣ ಹುಡುಗಿಗೆ ಊರ ಸಾಲಿ ಸಾಕು. ಬೇಕಾದ್ರ ದೇವರನ್ನ ಕೇಳೂಣು," ಎಂದಳು ಅಜ್ಜಿ.

ಪೂಜಾರಿ ಮೂರ್ತಿಯ ಎರಡೂ ಭುಜಕ್ಕೆ ಹೂವು ಅಂಟಿಸಿದ. ಬಲದ್ದು ಬಿದ್ದರೆ ಹುಬ್ಬಳ್ಳಿ, ಎಡದ್ದು ಬಿದ್ದರೆ ಊರ ಶಾಲೆ. ಎಷ್ಟು ಹೊತ್ತಾದರೂ ಒಂದೂ ಬೀಳಲಿಲ್ಲ. ಅವ್ವ ಮುಂದೆ ಸರಿದು ಸೆರಗಿನಿಂದ ಗಾಳಿ ಬೀಸಿಕೊಳ್ಳತೊಡಗಿದಳು. ಅವಳು ಬಲಗಡೆಗೇ ನಿಂತಿದ್ದಳೋ, ಆಮೇಲೆ ನೆನಪಿನಲ್ಲಿ ನಾನೇ ಅವಳನ್ನು ಅಲ್ಲಿ ನಿಲ್ಲಿಸಿಕೊಂಡೆನೋ, ಹೇಳಲಾರೆ. ಬಲದ ಹೂವು ಬಿತ್ತು.

"ದೇವರಿಗೇ ಗಾಳಿ ಹಾಕಿ ಒಪ್ಪಿಸಿದೇನವಾ?" ಅಜ್ಜಿ ಕೇಳಿದಳು.

"ಅವಗೂ ಸೆಕಿ ಆಗಿತ್ರಿ, ಅತ್ತಿ," ಎಂದು ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಸೋಮವಾರ ಹುಬ್ಬಳ್ಳಿಗೆ ಹೊಂಟೇವ್ರಿ."