ದೊಡ್ಡಪತ್ರೆಯ ನುಸಿ

ದೊಡ್ಡಪತ್ರೆ ಎಲೆಯ ವಾಸನೆ ಬಂದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಉಕ್ಕುತ್ತದೆ.

ಸೊರಬದ ನಮ್ಮ ಮನೆಯ ಜಗಲಿಯಲ್ಲಿ ತಂಗಿ ಒಡಕು ಕೊಡವೊಂದರಲ್ಲಿ ಆ ಗಿಡ ಬೆಳೆಸಿದ್ದಳು. ನನಗೆ ಸೇರದ ಹುಳಿ ಅಂಬಲಿಯನ್ನು ನಾನು ದಿನಾ ಮಧ್ಯಾಹ್ನ ಕದ್ದು ಅದರ ಬುಡಕ್ಕೇ ಸುರಿಯುತ್ತಿದ್ದೆ. ಗಿಡದ ಸುತ್ತ ನುಸಿ ಎದ್ದಿತು. ಅಜ್ಜಿ ಬೂದಿ ಎರಚಿದಳು, ಬೇವಿನ ಹೊಗೆ ಹಾಕಿದಳು, ಹೋಗಲಿಲ್ಲ. ಒಂದು ದಿನ ಉಣ್ಣುವಾಗ ನುಸಿಯೊಂದು ಅವಳ ಕಣ್ಣೊಳಗೇ ಹೊಕ್ಕಿತು.

"ನೀರು ಸುರಿದೂ ಸುರಿದೂ ಮಣ್ಣು ಕೊಳೆಸಿದ್ಯಲ್ಲೇ, ಹಾಳಾದೋಳೆ!" ಎಂದು ತಂಗಿಯ ಮೇಲೆ ಕಿರುಚಿದಳು.

"ನಾನು ನೀರೇ ಹಾಕಿಲ್ಲ ಅಜ್ಜಿ, ಮಣ್ಣು ಮುಟ್ಟಿ ನೋಡು!" ತಂಗಿಯೂ ಕಿರುಚಿದಳು.

ಅಜ್ಜಿ ಮುಟ್ಟಿದಳು. ಮಣ್ಣು ಒದ್ದೆಯಾಗಿತ್ತು. "ಸುಳ್ಳು ಬೇರೆ!" ಎಂದು ಗಿಡವನ್ನು ಬೇರುಸಹಿತ ಕಿತ್ತು ತಿಪ್ಪೆಗೆಸೆದಳು.

"ಅಣ್ಣಾ, ನೀನಾದ್ರೂ ಹೇಳೋ!"

ನನ್ನ ಕೈಯಲ್ಲಿ ಆಗಷ್ಟೇ ಗಿಡದ ಬುಡಕ್ಕೆ ಖಾಲಿ ಮಾಡಿದ ಅಂಬಲಿಯ ಲೋಟವಿತ್ತು.

"ದಿನಾ ಸುರೀತಿದ್ಲು ಅಜ್ಜಿ, ನಾನೇ ನೋಡಿದೀನಿ" ಅಂದೆ.