ಮೂರು ಸಲ ಕೂಗಿದ ಹೆಸರು

ನಾಲ್ಕನೆಯ ಪೆಟ್ಟಿಗೆ ಕಲ್ಲು ಸೀಳಿತು. ನೀರಿಗೆ ಬಂದಿದ್ದ ಹೆಂಗಸರು ಕೊಡ ಬಿಟ್ಟು ಹಿಂದಕ್ಕೆ ಸರಿದರು. ಗದ್ದೆಪ್ಪನ ಹೆಂಡತಿ ಗಂಡನ ಸುತ್ತಿಗೆಯನ್ನು ಮತ್ತೆ ಎತ್ತಿದಳು. ಬಾವಿಯ ದಂಡೆಯ ಮೇಲೆ ನಿಲ್ಲಿಸಿದ್ದ ಆ ಕಲ್ಲಿನಲ್ಲಿ ಪಟೇಲ ಸಿದ್ದರಾಮಪ್ಪನ ಹೆಸರಿತ್ತು, ಅವನ ತಂದೆಯ ಹೆಸರಿತ್ತು, ಅಜ್ಜನ ಹೆಸರೂ ಇತ್ತು. ನಡುಮಧ್ಯಾಹ್ನ, ಊರೆಲ್ಲ ನೋಡುತ್ತಿರುವಾಗ, ಅವಳು ಮೂವರನ್ನೂ ಚೂರು ಮಾಡಿದಳು.

ಓಡಿಹೋಗಲಿಲ್ಲ. ಚೂರುಗಳ ಪಕ್ಕದಲ್ಲೇ ಕುಳಿತಳು. ಸಿರವಾರದಿಂದ ಪೊಲೀಸರು ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು.

“ಹೆಸರು ಹೇಳು,” ಎಂದ ಜಮಾದಾರ.

“ಗೋಪಮ್ಮ. ಗದ್ದೆಪ್ಪನ ಮನಿಯಾಕಿ. ಸರಿಯಾಗಿ ಬರೀರಿ.”

ಗುಂಪಿನಲ್ಲಿದ್ದ ಗದ್ದೆಪ್ಪ ಬಾಯಿ ತೆರೆದ. ಅವಳು ಒಮ್ಮೆ ಅವನತ್ತ ನೋಡಿದಳು. ಅವನು ಬಾಯಿ ಮುಚ್ಚಿದ. ಕೇರಿಯವರು ಯಾರೂ ತುಟಿ ಬಿಚ್ಚಲಿಲ್ಲ.

ಜಮಾದಾರ ಪಟೇಲನ ಕಡೆ ತಿರುಗಿದ. “ಈಕೆಯೇ ತಾನೆ?”

“ಈಕಿನ. ಹೆಸರು ಗಿಸರು ನನಗೇನು ಗೊತ್ತು? ನಮ್ಮ ಹೊಲಕ್ಕ ಬರೋ ಆಳುಗಳು ನೂರು ಮಂದಿ,” ಎಂದ ಸಿದ್ದರಾಮಪ್ಪ.

ಆ ನೂರು ಮಂದಿಯೇ ಎರಡು ವರ್ಷದ ಹಿಂದೆ ಆ ಬಾವಿ ತೋಡಿದ್ದರು. ತೋಡಿದ ಮೇಲೆ ಅವರು ಅದರ ಮೆಟ್ಟಿಲು ಇಳಿಯುವಂತಿರಲಿಲ್ಲ. ತೋಡುತ್ತಿದ್ದ ಬೇಸಿಗೆಯ ಒಂದು ದಿನ, ಆಳದಲ್ಲಿ ಮಣ್ಣಿನ ಗೋಡೆ ಜರಿಯಿತು. ಕೆಳಗೆ ಬುಟ್ಟಿ ತುಂಬುತ್ತಿದ್ದವಳು ಗದ್ದೆಪ್ಪನ ಮಗಳು, ಹದಿನಾರರ ಹುಡುಗಿ. ಸಂಜೆ ಹೊರಗೆ ತೆಗೆದರು. ಬಾಯಿ ತುಂಬ ಮಣ್ಣಿತ್ತು. ವಿಚಾರಣೆಗೆ ಯಾರಾದರೂ ಬಂದಾರೆಂದು ಪಟೇಲ ಅವಸರಪಡಿಸಿ ಹಳ್ಳದ ದಂಡೆಯಲ್ಲಿ ಹೂಳಿಸಿದ. ಮರುದಿನ ಅದೇ ಬಾವಿಯ ಗುಂಡಿಗೆ ಆಳುಗಳನ್ನು ಇಳಿಸಿದ. ಆ ವರ್ಷದ ಮಳೆಗೆ ಹಳ್ಳ ಬಂದು ಮಣ್ಣುದಿಬ್ಬವನ್ನೂ ಬಳಿದುಕೊಂಡು ಹೋಯಿತು.

ತಾಯಿ ಮಾನ್ವಿಗೆ ನಡೆದು ಹೋಗಿದ್ದಳು. ಮಗಳು ಸತ್ತದ್ದನ್ನು ಸರ್ಕಾರದ ಪುಸ್ತಕದಲ್ಲಿ ಬರೆಯಿರಿ ಎಂದು ಒಬ್ಬ ಗುಮಾಸ್ತನ ಮುಂದೆ ನಿಂತಿದ್ದಳು.

“ನಿಮ್ಮ ಪಟೇಲರು ವರದಿ ಕಳಿಸಿಲ್ಲ. ಹುಟ್ಟಿದ್ದೂ ಬರೆಸಿಲ್ಲ, ಸತ್ತದ್ದೂ ಬರೆಸಿಲ್ಲ. ಅಂಥವರು ಯಾರೂ ಇರಲೇ ಇಲ್ಲ ಬಿಡು,” ಎಂದಿದ್ದ ಗುಮಾಸ್ತ ತಲೆ ಎತ್ತದೆ.

ಇರಲೇ ಇಲ್ಲ. ಆ ಮಾತು ಅವಳ ಎದೆಯಲ್ಲಿ ಕೆಂಡದಂತೆ ಕೂತಿತು. ತಾನು ಹೆತ್ತವಳು, ಎತ್ತಿ ಆಡಿಸಿದವಳು, ಜಡೆ ಹೆಣೆದವಳು ಇರಲೇ ಇಲ್ಲ. ಬಾವಿಯ ಮೇಲೆ ಕಲ್ಲು ನಿಂತ ದಿನ ಅವಳು ಗಂಡನನ್ನು ಕೇಳಿದಳು: “ನೀನು ಸತ್ತು ನಾನೂ ಸತ್ತ ಮ್ಯಾಲ, ಆಕಿ ಇದ್ದಳು ಅನ್ನಾಕ ಯಾರು ಇರ್ತಾರ?”

ಗದ್ದೆಪ್ಪನ ಸುತ್ತಿಗೆ ಮೂಲೆಯಲ್ಲಿತ್ತು.

ಮೊಕದ್ದಮೆ ರಾಯಚೂರಿನ ಕೋರ್ಟಿಗೆ ಬಂತು. ಜವಾನ ಬಾಗಿಲಿಗೆ ಬಂದು ಕೂಗಿದ: “ಗೋಪಮ್ಮ, ಹಾಜರ್!” ಅವಳು ಕುಳಿತಲ್ಲಿಂದ ಏಳಲಿಲ್ಲ. ಅವನು ಮತ್ತೆ ಕೂಗಿದ. ಕಾವಲಿನ ಪೇದೆ ಅವಳ ಭುಜ ತಿವಿದ. “ನಿನ್ನನ್ನೇ ಕರೆಯೋದು.”

“ಗೊತ್ತದ. ಮೂರು ಸಲ ಕೂಗ್ಲಿ.”

ಮೂರನೆಯ ಕೂಗು ಅಂಗಳ ದಾಟಿ ರಸ್ತೆಯವರೆಗೆ ಹೋಯಿತು. ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ ಗದ್ದೆಪ್ಪ ಮುಖ ಮುಚ್ಚಿಕೊಂಡು ಬಿಕ್ಕಿದ.

“ಹೇಣ್ತಿ ಜೇಲಿಗೆ ಹೋಗ್ತಾಳಂತ ಅಳಾಕತ್ತಾನ ನೋಡ್ರಿ,” ಎಂದು ಸಿದ್ದರಾಮಪ್ಪ ಪಕ್ಕದವರಿಗೆ ಹೇಳಿದ.

ನ್ಯಾಯಾಧೀಶರು ಕೇಳಿದರು: “ಕಲ್ಲು ಒಡೆದದ್ದು ನಿಜವೇ?”

“ನಿಜ ರೀ. ಒಂದು ಬುಟ್ಟಿ ಮಣ್ಣು ಹೊರದಾಂವನ ಹೆಸರು ಕಲ್ಲಿನ ಮ್ಯಾಲ ಇತ್ತು. ಅದರಾಗ ಸತ್ತಾಕಿ ಹೆಸರು ಎಲ್ಲೂ ಇಲ್ಲ.”

“ನಮ್ಮ ಬಾವ್ಯಾಗ ಯಾರೂ ಸತ್ತಿಲ್ಲ ಸಾಹೇಬ್ರ,” ಎಂದ ಪಟೇಲ. “ಕಾಗದ ಇದ್ರ ತೋರಸ್ಲಿ.”

ಅವಳು ಕಟಕಟೆಯ ಮರವನ್ನು ಎರಡೂ ಕೈಯಿಂದ ಹಿಡಿದಳು. “ಆಕಿನ್ನ ಮಣ್ಣಾಗಿಂದ ತೆಗೆದಾಗ ಮೂಗು ಮುಚಗೊಂಡು ನಿಂತಿದ್ದಿ ನೀನು. ಕಾಗದ ಕೇಳ್ತಿ?”

“ಅದು ಈ ಮೊಕದ್ದಮೆಗೆ ಸಂಬಂಧಿಸಿದ್ದಲ್ಲ,” ಎಂದರು ನ್ಯಾಯಾಧೀಶರು. ಮೂರು ತಿಂಗಳ ಶಿಕ್ಷೆ ಬರೆಸಿದರು. ಕೋರ್ಟಿನ ಗುಮಾಸ್ತ ಓದಿದ: ಗೋಪಮ್ಮ, ಗದ್ದೆಪ್ಪನ ಮನೆಯವಳು, ಕಲ್ಲು ಒಡೆದ ಅಪರಾಧಕ್ಕೆ.

“ಆ ಕಾಗದ ಎಷ್ಟು ದಿನ ಇರ್ತದ್ರಿ?” ಎಂದಳು ಅವಳು.

ಗುಮಾಸ್ತನಿಗೆ ನಗು ಬಂತು. “ದಫ್ತರದಾಗ ಕಟ್ಟಿ ಇಡ್ತಾರ. ನೀನೂ ಸತ್ತು ನಾನೂ ಸತ್ತ ಮ್ಯಾಲೂ ಇರ್ತದ.”

“ಹಂಗಾರ ಇನ್ನೊಮ್ಮೆ ಓದ್ರಿ.”

ಜೈಲಿನಲ್ಲೂ ಅವಳ ಸಿಟ್ಟು ಇಳಿಯಲಿಲ್ಲ. ಬೀಸುಕಲ್ಲಿಗೆ ಕೂರಿಸಿದರೆ ಪಟೇಲನ ಎಲುಬು ಪುಡಿ ಮಾಡುವವಳಂತೆ ಜೋಳ ಬೀಸುತ್ತಿದ್ದಳು. ಎದುರಿಗೆ ಕೂತು ಗೂಟಕ್ಕೆ ಕೈ ಕೊಡುತ್ತಿದ್ದವಳು ಜೈಬುನ್ನೀಸಾ, ಸವತಿಯ ತಲೆ ಒಡೆದು ಬಂದವಳು. ಅವಳಿಗೆ ಮಾತು ಬೇಕು.

“ಗೋಪಮ್ಮಾ,” ಎಂದಳು ಜೈಬುನ್ನೀಸಾ ಒಂದು ಬೆಳಿಗ್ಗೆ. ಉತ್ತರ ಬರಲಿಲ್ಲ. “ಏ ಗೋಪಮ್ಮಾ, ಎಷ್ಟು ಸಲ ಕರೀಬೇಕು ನಿನ್ನ? ಕಿವಿ ಕೇಳಸಂಗಿಲ್ಲೇನು?”

“ಕೇಳಸ್ತದ. ಇನ್ನೂ ನಾಕು ಸಲ ಕರಿ.”

ಜೈಬುನ್ನೀಸಾ ಬೀಸುವ ಕೈ ನಿಲ್ಲಿಸಿದಳು. “ಹುಚ್ಚಿ ಇದ್ದೀ ನೀನು. ಅಲ್ಲಾ, ದಿನಾ ಮಗಳು ಮಗಳು ಅಂತೀ. ಆಕಿ ಹೆಸರೇನಂತ ಒಮ್ಮೆನೂ ಹೇಳಲಿಲ್ಲಲ್ಲ?”

“ಗೋಪಮ್ಮ,” ಎಂದಳು ಗದ್ದೆಪ್ಪನ ಹೆಂಡತಿ ಯಮನಮ್ಮ.