ಕವಣೆ ಬೀಸುವ ಕೈ

ಹೊಲಗಳು ತಮಗೆ ತಾವೇ ಮಾಲೀಕರಾಗಿ ಮಾತು ಕಲಿತ ಮೇಲೆ ನೀಲಗಂಗವ್ವನ ಹೊಲ ಮೊದಲು ಹೇಳಿದ್ದು, "ಜ್ವಾಳ ಬೆಳದು ಸಾಕಾತು. ಮದ್ಲಿನಂಗ ಹುಲ್ಲಾಗ್ತೀನಿ." ಆಮೇಲೆ ಅವಳನ್ನೇ ಕೂಲಿಗೆ ಇಟ್ಟುಕೊಂಡಿತು. ಜೋಳ ಕಾಯುತ್ತಿದ್ದ ಹಳೆಯ ಅಟ್ಟಣಿಗೆಯ ಮೇಲೆ ಕೂತು, ಹುಲ್ಲುಗಾವಲಲ್ಲೇ ಬದುಕುವ ಎರೆಭೂಮಿಯ ದೊಡ್ಡ ಹಕ್ಕಿಗಾಗಿ ಕಾಯುವುದಷ್ಟೇ ಕೆಲಸ. ಹಕ್ಕಿ ಬಂದು ಮೇಯ್ದರೆ ಹುಲ್ಲುಗಾವಲು ಎಂದು ಸರ್ಕಾರ ಒಪ್ಪುತ್ತದೆ. ದೀಪಾವಳಿಯೊಳಗೆ ಬರದಿದ್ದರೆ ಮತ್ತೆ ಟ್ರ್ಯಾಕ್ಟರ್.

ದೀಪಾವಳಿಯ ಹಿಂದಿನ ದಿನ ಹಕ್ಕಿ ಬಂತು. ಹೆಣ್ಣು ನೋಡಲು ಬಂದ ಬೀಗರ ಹಾಗೆ ಅತ್ತಿತ್ತ ನೋಡುತ್ತಾ ಹುಲ್ಲಿಗೆ ಕಾಲಿಟ್ಟಿತು. ಹೊಲ ಉಸಿರು ಬಿಗಿಹಿಡಿಯಿತು. ನೀಲಗಂಗವ್ವ "ಹೋಯ್" ಎಂದು ಕೂಗಿ ಕವಣೆ ಬೀಸಿದಳು. ಹಕ್ಕಿ ಹಾರಿಹೋಯಿತು.

"ಯವ್ವಾ, ಏನ್ ಮಾಡಿದಿ?" ಎಂದಿತು ಹೊಲ.

"ನಿನ್ನ ಜ್ವಾಳ ಕಾದ ಕೈಯಪ್ಪಾ ಇದು. ನನ್ನ ಮಾತು ಕೇಳಂಗಿಲ್ಲ."

"ನಾ ಜ್ವಾಳ ಬಿಟ್ಟು ಯಾವ ಕಾಲ ಆತು. ನಿನಗಿನ್ನೂ ಚಟ ಹೋಗಿಲ್ಲ ಅಂದ್ರ?"

ಬೈಸಿಕೊಳ್ಳುತ್ತಾ ಕವಣೆಯ ಕಲ್ಲು ಹುಡುಕಲು ಇಳಿದವಳಿಗೆ ಹುಲ್ಲಿನ ನಡುವೆ ಒಂದು ಜೋಳದ ಗಿಡ ಕಂಡಿತು. ತೆನೆ ಬಗ್ಗಿಸಿಕೊಂಡು ಕಳ್ಳನಂತೆ ನಿಂತಿತ್ತು.

"ಇದನ್ನ ಯಾರು ಬಿತ್ತಿದ್ರು?"

"ಮಳಿ ಬಿದ್ದಾಗ ತಡಕೊಳ್ಳಾಕ ಆಗಲಿಲ್ಲವ್ವಾ," ಎಂದಿತು ಹೊಲ.

ನೀಲಗಂಗವ್ವ ಮತ್ತೆ ಅಟ್ಟಣಿಗೆ ಹತ್ತಿದಳು. ಸಂಜೆಯ ಹೊತ್ತಿಗೆ ಹಕ್ಕಿ ತಿರುಗಿ ಬಂತು. ಅಷ್ಟು ಹುಲ್ಲು ಬಿಟ್ಟು ನೇರ ಆ ಜೋಳದ ತೆನೆಗೇ ಬಾಯಿ ಹಾಕಿತು.

"ಯವ್ವಾ, ಕೈ," ಎಂದು ಹೊಲ ಪಿಸುಗುಟ್ಟಿತು.

ನೀಲಗಂಗವ್ವ ಆಗಲೇ ಎರಡೂ ಕೈಗಳ ಮೇಲೆ ಕೂತುಬಿಟ್ಟಿದ್ದಳು.